ಸತ್ತ ಬ್ಯಾಟರಿಯ ಕಪ್ಪು ಪುಡಿ: ಕರಗಿಸೋಣವೇ, ಕಲಾಯಿ ಹಾಕೋಣವೇ?

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ. ಇ-ಆಟೊ ಮತ್ತು ಎಲೆಕ್ಟ್ರಿಕ್ ಸ್ಕೂಟರ್‌ಗಳ ಬ್ಯಾಟರಿ ಪ್ಯಾಕ್ ರಿಪೇರಿ ಮಾಡುತ್ತೇವೆ. ಕೆಟ್ಟ ಸೆಲ್ ತೆಗೆದು ಒಳ್ಳೆಯದು ಕೂರಿಸುವುದು, ಬಿಎಂಎಸ್ (ಸೆಲ್‌ಗಳ ಚಾರ್ಜ್ ಮೇಲೆ ಕಣ್ಣಿಡುವ ಸರ್ಕ್ಯೂಟ್) ಬದಲಿಸುವುದು, ವೆಲ್ಡಿಂಗ್ ಬಿಟ್ಟ ಪಟ್ಟಿ ಸರಿ ಮಾಡುವುದು, ಇಂಥ ಕೆಲಸ. ಹೀಗೆ ತೆಗೆದ ಸೆಲ್‌ಗಳು ಮೂಲೆಯಲ್ಲಿ ಸೇರುತ್ತಾ ಹೋಗುತ್ತವೆ. "ಅಣ್ಣಾ, ಇವನ್ನೆಲ್ಲ ಏನ್ ಮಾಡ್ತೀರಾ?" ಅಂತ ಆಟೊದವರು ಕೇಳುತ್ತಾರೆ. ತುಂಬಾ ದಿನ ನನ್ನ ಹತ್ತಿರ ಅದಕ್ಕೆ ಸರಿಯಾದ ಉತ್ತರ ಇರಲಿಲ್ಲ.

ಎರಡು ವರ್ಷದ ಹಿಂದೆ ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದು ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಬೆರಕೆ ಮಾಲು ಅಂತ ಅತಿ ಕಡಿಮೆ ದರ ಕಟ್ಟಿದರು. ಅದು ಹೋಗಲಿ. ಒಂದು ವಾರ ಬಿಟ್ಟು ಆ ಕಡೆ ಹೋದಾಗ ಹಿಂದುಗಡೆ ಇಬ್ಬರು ಹುಡುಗರು ಸುತ್ತಿಗೆಯಲ್ಲಿ ಸೆಲ್ ಒಡೆಯುತ್ತಿದ್ದರು. ಒಂಥರಾ ಸಿಹಿ ವಾಸನೆ, ಉಸಿರು ಎಳೆದ ಕೂಡಲೇ ಗಂಟಲು ಕೆರೆತ. ತಾಮ್ರದ ಹಾಳೆ ಒಂದು ಕಡೆ, ಅಲ್ಯೂಮಿನಿಯಂ ಇನ್ನೊಂದು ಕಡೆ. ಕಪ್ಪು ಪುಡಿ ಮಾತ್ರ ಚರಂಡಿಗೆ. ಬ್ಯಾಟರಿಯಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವುದು ಆ ಕಪ್ಪು ಪುಡಿಯಲ್ಲೇ ಇರುತ್ತದೆ. ಆವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆ ಪುಡಿಯನ್ನು ಮತ್ತೆ ಬಳಕೆಗೆ ತರಲು ಈಗ ಯಾವ ಯಾವ ದಾರಿ ಇದೆ, ಯಾವುದು ಯಾರಿಗೆ ಹೊಂದುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನನ್ನಂಥ ರಿಪೇರಿಯವರಿಗೆ, ಪ್ರಾಜೆಕ್ಟ್ ಹುಡುಕುತ್ತಿರುವ ಇಂಜಿನಿಯರಿಂಗ್ ಮಕ್ಕಳಿಗೆ, ವಸಂತನರಸಾಪುರದಲ್ಲೋ ಮಾಲೂರಿನಲ್ಲೋ ಗೌರಿಬಿದನೂರಿನಲ್ಲೋ ಒಂದು ಘಟಕ ಹಾಕೋಣ ಅಂತ ಯೋಚಿಸುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಪುಡಿ?

ಲಿಥಿಯಂ ಬ್ಯಾಟರಿ ಅಂದರೆ ಒಂದೇ ಜಾತಿ ಅಲ್ಲ. ಕ್ಯಾಥೋಡ್ ಅಂದರೆ ಪ್ಲಸ್ ಕಡೆಯ ಪದರ. ಅದರಲ್ಲಿ ಏನಿದೆ ಅನ್ನುವುದರ ಮೇಲೆ ಹೆಸರು. ಹಳೇ ಫೋನ್ ಬ್ಯಾಟರಿಯಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್, ಅಂದರೆ ಎಲ್‌ಸಿಒ. ಸ್ಕೂಟರ್ ಪ್ಯಾಕ್‌ಗಳಲ್ಲಿ ಹೆಚ್ಚಾಗಿ ನಿಕೆಲ್, ಮ್ಯಾಂಗನೀಸ್, ಕೋಬಾಲ್ಟ್ ಮೂರೂ ಇರುವ ಎನ್‌ಎಂಸಿ. ನಮ್ಮ ಶೆಡ್ಡಿಗೆ ಬರುವ ಇ-ಆಟೊಗಳಲ್ಲಿ ಬಹುಪಾಲು ಕಬ್ಬಿಣ ಮತ್ತು ಫಾಸ್ಫೇಟ್‌ನ ಎಲ್‌ಎಫ್‌ಪಿ.

ಗುರುತು ಹಿಡಿಯುವುದು ಕಷ್ಟವಲ್ಲ. ಸೆಲ್ ಮೇಲೆ 3.2 ವೋಲ್ಟ್ ಅಂತ ಇದ್ದರೆ ಎಲ್‌ಎಫ್‌ಪಿ. 3.6 ಅಥವಾ 3.7 ಇದ್ದರೆ ಎನ್‌ಎಂಸಿ ಅಥವಾ ಎಲ್‌ಸಿಒ ಕಡೆಯದು. ಪ್ಯಾಕ್ ಮೇಲೆ 51.2 ವೋಲ್ಟ್ ಅಂತ ಕಂಡರೆ ಒಳಗೆ 16 ಎಲ್‌ಎಫ್‌ಪಿ ಸೆಲ್ ಸಾಲಾಗಿ ಕೂತಿವೆ ಅಂತ ಲೆಕ್ಕ. ಹದಿನಾರಕ್ಕೆ 3.2 ಗುಣಿಸಿ ನೋಡಿ, ಸರಿಹೋಗುತ್ತದೆ.

ಈಗ ಹತ್ತು ಕಿಲೊ ಶುದ್ಧ ಕ್ಯಾಥೋಡ್ ಪುಡಿ ಇದೆ ಅಂತಿಟ್ಟುಕೊಳ್ಳಿ. ಅದು ಎಲ್‌ಸಿಒ ಆದರೆ ಅದರಲ್ಲಿ ಸುಮಾರು 6 ಕಿಲೊ ಕೋಬಾಲ್ಟ್ ಇರುತ್ತದೆ. ಎಲ್‌ಎಫ್‌ಪಿ ಆದರೆ ಮೂರೂವರೆ ಕಿಲೊ ಕಬ್ಬಿಣ, ಎರಡು ಕಿಲೊಗೆ ಹತ್ತಿರ ರಂಜಕ, 440 ಗ್ರಾಂ ಲಿಥಿಯಂ. ಕಬ್ಬಿಣವನ್ನು ಯಾರು ಬ್ಯಾಟರಿ ಒಡೆದು ತೆಗೆಯುತ್ತಾರೆ ಹೇಳಿ? ಮುಂದಿನ ಆಯ್ಕೆಯೆಲ್ಲ ಈ ಒಂದು ವ್ಯತ್ಯಾಸದ ಮೇಲೇ ನಿಂತಿದೆ.

ಕೆಟ್ಟಿದ್ದು ಏನು, ಉಳಿದಿದ್ದು ಏನು?

ಸೆಲ್ ಸತ್ತಿದೆ ಅಂದರೆ ಅದರ ಕ್ಯಾಥೋಡ್ ಪೂರ್ತಿ ಹಾಳಾಗಿದೆ ಅಂತ ಅರ್ಥವಲ್ಲ. ಇದು ನನಗೆ ಗೊತ್ತಾಗಿದ್ದು ಒಂದು ಕಾಲೇಜಿನ ಲ್ಯಾಬ್‌ನಲ್ಲಿ. ಅಲ್ಲಿನ ಮೇಡಂ ಗಾಳಿಯಾಡದ ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ, ಪೂರ್ತಿ ಡಿಸ್ಚಾರ್ಜ್ ಆದ ಒಂದು ಎಲ್‌ಎಫ್‌ಪಿ ಸೆಲ್ ಬಿಚ್ಚಿ ತೋರಿಸಿದರು. ಒಳಗೆ ಚಾಪೆ ಸುತ್ತಿದ ಹಾಗೆ ಸುರುಳಿ. ತಾಮ್ರದ ಹಾಳೆಯ ಮೇಲೆ ಗ್ರಾಫೈಟ್, ಮಧ್ಯೆ ತೆಳ್ಳಗಿನ ಬಿಳಿ ಪ್ಲಾಸ್ಟಿಕ್, ಅಲ್ಯೂಮಿನಿಯಂ ಹಾಳೆಯ ಮೇಲೆ ಕ್ಯಾಥೋಡ್. ಆ ಅಲ್ಯೂಮಿನಿಯಂ ಪಟ್ಟಿ ನೋಡಿದರೆ ಹೊಸದಕ್ಕೂ ಹಳೆಯದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಅಂಚಿನಲ್ಲಿ ಒಂದೆರಡು ಕಡೆ ಚಕ್ಕೆ ಎದ್ದಿತ್ತು, ಅಷ್ಟೇ.

ಮೇಡಂ ವಿವರಿಸಿದರು. ಚಾರ್ಜ್ ಮಾಡುವಾಗ ಲಿಥಿಯಂ ಕ್ಯಾಥೋಡ್ ಬಿಟ್ಟು ಗ್ರಾಫೈಟ್ ಕಡೆಗೆ ಹೋಗುತ್ತದೆ, ಬಳಸುವಾಗ ವಾಪಸ್ ಬರುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಲಿಥಿಯಂ ಗ್ರಾಫೈಟ್ ಮೇಲಿನ ಪದರದಲ್ಲಿ ಸಿಕ್ಕಿಹಾಕಿಕೊಂಡು ಅಲ್ಲೇ ಉಳಿಯುತ್ತದೆ. ಎಲ್‌ಎಫ್‌ಪಿಯಲ್ಲಿ ಸಾಮರ್ಥ್ಯ ಕುಸಿಯಲು ಮುಖ್ಯ ಕಾರಣ ಇದೇ. ಮನೆ ಗಟ್ಟಿಯಾಗೇ ಇದೆ, ವಾಸ ಇದ್ದವರಲ್ಲಿ ಕೆಲವರು ಊರು ಬಿಟ್ಟಿದ್ದಾರೆ. ಖಾಲಿಯಾದ ಲಿಥಿಯಂ ಜಾಗಕ್ಕೆ ಅಲ್ಲಲ್ಲಿ ಕಬ್ಬಿಣ ಬಂದು ಕೂತು ದಾರಿಗೆ ಅಡ್ಡ ಆಗುವುದೂ ಉಂಟು.

ಎನ್‌ಎಂಸಿ ಸ್ವಲ್ಪ ಜಾಸ್ತಿ ಕೆಡುತ್ತದೆ. ಲಿಥಿಯಂ ಕಳೆದುಕೊಳ್ಳುವುದರ ಜೊತೆಗೆ ನಿಕೆಲ್ ಲಿಥಿಯಂ ಜಾಗಕ್ಕೆ ಸರಿಯುತ್ತದೆ, ಕಣದ ಮೇಲ್ಮೈ ಬೇರೆ ರೂಪಕ್ಕೆ ತಿರುಗುತ್ತದೆ, ಕಣಗಳಲ್ಲಿ ಸಣ್ಣ ಬಿರುಕು ಬೀಳುತ್ತದೆ. ಆದರೂ ಒಳಗಿನ ತಿರುಳು ಬಹಳ ಸಲ ಚೆನ್ನಾಗೇ ಇರುತ್ತದೆ.

ಕುಲುಮೆ ದಾರಿ

ಹಳೇ ವಿಧಾನ ಇದು. 1400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಗೆ ಬ್ಯಾಟರಿ ಹಾಕಿ ಕರಗಿಸುವುದು. ಕೋಬಾಲ್ಟ್, ನಿಕೆಲ್, ತಾಮ್ರ ಮಿಶ್ರಲೋಹವಾಗಿ ಕೆಳಗೆ ಇಳಿಯುತ್ತವೆ. ಲಿಥಿಯಂ, ಅಲ್ಯೂಮಿನಿಯಂ, ಮ್ಯಾಂಗನೀಸ್ ಮೇಲಿನ ಕಿಟ್ಟಕ್ಕೆ ಸೇರಿಹೋಗುತ್ತವೆ. ಬೆಲ್ಜಿಯಂನ ಹೋಬೋಕೆನ್‌ನಲ್ಲಿ ಯುಮಿಕೋರ್ ಕಂಪನಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದೆ. ಬೆರಕೆ ಮಾಲಿದ್ದರೂ ನಡೆಯುತ್ತದೆ ಅನ್ನುವುದೊಂದೇ ಇದರ ದೊಡ್ಡ ಅನುಕೂಲ. ಎಲ್‌ಎಫ್‌ಪಿಗೆ ಇದು ಬೇಡವೇ ಬೇಡ, ಇಷ್ಟು ಇಂಧನ ಸುಟ್ಟು ಕೈಗೆ ಸಿಗುವುದು ಕಬ್ಬಿಣ. ನಮ್ಮ ಜಿಲ್ಲೆಗಳಲ್ಲಿ ಸಣ್ಣ ಬಂಡವಾಳದವರು ಇದರ ತಂಟೆಗೇ ಹೋಗಬಾರದು ಅಂತ ನನ್ನ ಅಭಿಪ್ರಾಯ.

ಆಸಿಡ್ ದಾರಿ

ನಮ್ಮ ದೇಶದ ಮರುಬಳಕೆ ಘಟಕಗಳಲ್ಲಿ ಈಗ ಜಾಸ್ತಿ ನಡೆಯುವುದು ಇದು. ಸೆಲ್ ಪುಡಿ ಮಾಡಿ, ಜರಡಿ ಹಿಡಿದು, ಕ್ಯಾಥೋಡ್ ಮತ್ತು ಗ್ರಾಫೈಟ್ ಸೇರಿದ ಕಪ್ಪು ಪುಡಿ ತೆಗೆಯುತ್ತಾರೆ. ಅದಕ್ಕೆ ಬ್ಲ್ಯಾಕ್ ಮಾಸ್ ಅಂತ ಹೆಸರು. ಇದನ್ನು ಸಲ್ಫ್ಯೂರಿಕ್ ಆಸಿಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 60-80 ಡಿಗ್ರಿ ಬಿಸಿಯಲ್ಲಿ ಕರಗಿಸಿ, ಒಂದೊಂದೇ ಲೋಹ ಬೇರೆ ಮಾಡುತ್ತಾರೆ. ಲಿಥಿಯಂ ಕೂಡ ಸಿಗುತ್ತದೆ. ಸಿಕ್ಕ ಲೋಹದ ಲವಣ ಗಣಿಯಿಂದ ಬಂದದ್ದಕ್ಕೆ ಸಮನಾಗಿರುತ್ತದೆ.

ಕಷ್ಟ ಇರುವುದು ನೀರಿನಲ್ಲಿ. ಆಸಿಡ್‌ನಲ್ಲಿ ಕರಗಿದ್ದನ್ನು ಕಾಸ್ಟಿಕ್ ಸೋಡಾ ಹಾಕಿ ಗಟ್ಟಿ ಮಾಡಿದರೆ ಸೋಡಿಯಂ ಸಲ್ಫೇಟ್ ಉಪ್ಪು ಉಳಿಯುತ್ತದೆ. ನಾನೇ ಲೆಕ್ಕ ಹಾಕಿ ನೋಡಿದೆ. ಒಂದು ಕಿಲೊ ಎನ್‌ಎಂಸಿ ಪುಡಿಗೆ ಸುಮಾರು ಒಂದೂವರೆ ಕಿಲೊ ಉಪ್ಪು. ಇದರ ಜೊತೆಗೆ ಫ್ಲೋರಿನ್ ಇದೆ. ಸೆಲ್ ಒಳಗಿನ ದ್ರವದಲ್ಲೂ ಪುಡಿಯನ್ನು ಹಾಳೆಗೆ ಅಂಟಿಸುವ ಅಂಟಿನಲ್ಲೂ ಫ್ಲೋರಿನ್ ಇರುತ್ತದೆ. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ನಮಗೆ ಹೊಸ ವಿಷಯವಲ್ಲ. ಹಲ್ಲು ಕಂದಾಗಿರುವ ಮಕ್ಕಳನ್ನು ನಾವು ನೋಡುತ್ತಲೇ ಇದ್ದೇವೆ. ಅಂಥ ನೆಲಕ್ಕೆ ಇನ್ನೊಂದು ಹನಿ ಫ್ಲೋರೈಡ್ ಸೇರಬಾರದು.

ಕೆಜಿಎಫ್‌ಗೆ ಹೋದವರು ಸೈನೈಡ್ ದಿಬ್ಬಗಳನ್ನು ನೋಡಿರುತ್ತೀರಿ. ಚಿನ್ನ ತೆಗೆದ ಮೇಲೆ ಉಳಿದ ಕೋಟಿಗಟ್ಟಲೆ ಟನ್ ಪುಡಿ. ಗಣಿ ಮುಚ್ಚಿದ್ದು 2001ರಲ್ಲಿ. ಇವತ್ತಿಗೂ ಗಾಳಿ ಬೀಸಿದರೆ ಆ ಧೂಳು ಮನೆ ಅಂಗಳಕ್ಕೆ ಬರುತ್ತದೆ. ಲೋಹ ತೆಗೆದುಕೊಂಡವರು ಹೋದರು, ಉಳಿಕೆ ಅಲ್ಲಿಯವರ ಪಾಲಿಗೆ ಬಂತು. ಆಸಿಡ್ ಘಟಕದವರು ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಎಷ್ಟು ಕೋಬಾಲ್ಟ್ ತೆಗೆಯುತ್ತೀರಿ ಅಂತ ಅಲ್ಲ, ನೀರನ್ನು ಒಂದು ಹನಿಯೂ ಹೊರಗೆ ಬಿಡದೆ ಹೇಗೆ ಮರುಬಳಕೆ ಮಾಡುತ್ತೀರಿ, ಉಪ್ಪನ್ನು ಎಲ್ಲಿಗೆ ಕಳಿಸುತ್ತೀರಿ ಅಂತ.

ಆಸಿಡ್ ದಾರಿಯಲ್ಲೇ ಒಂದು ಒಳದಾರಿ ಇದೆ, ಅದು ನನಗೆ ಇಷ್ಟ. ಕರಗಿಸಿದ ಮೇಲೆ ನಿಕೆಲ್, ಕೋಬಾಲ್ಟ್, ಮ್ಯಾಂಗನೀಸನ್ನು ಬೇರೆ ಬೇರೆ ಮಾಡಲು ಹೆಣಗಾಡುವುದಿಲ್ಲ. ಕಸ ಮಾತ್ರ ತೆಗೆದು, ಕಡಿಮೆ ಇರುವ ಲೋಹ ಸೇರಿಸಿ ಪ್ರಮಾಣ ಸರಿ ಮಾಡಿ, ಮೂರನ್ನೂ ಒಟ್ಟಿಗೇ ಗಟ್ಟಿ ಮಾಡಿ, ಲಿಥಿಯಂ ಜೊತೆ ಸುಟ್ಟು ಹೊಸ ಕ್ಯಾಥೋಡ್ ಮಾಡುವುದು. ಅಮೆರಿಕದ ವೋರ್ಸೆಸ್ಟರ್ ಪಾಲಿಟೆಕ್ನಿಕ್‌ನ ಯಾನ್ ವಾಂಗ್ ಅವರ ತಂಡ 2021ರಲ್ಲಿ ಇದರ ಫಲಿತಾಂಶ ಪ್ರಕಟಿಸಿತು. ಹೀಗೆ ಮಾಡಿದ ಕ್ಯಾಥೋಡ್ ಹಾಕಿದ ಸೆಲ್‌ಗಳು ಸಾಮರ್ಥ್ಯ 80 ಪರ್ಸೆಂಟ್‌ಗೆ ಇಳಿಯುವ ಹೊತ್ತಿಗೆ 4,200 ಚಾರ್ಜ್-ಡಿಸ್ಚಾರ್ಜ್ ಸುತ್ತು ಓಡಿದ್ದವು. ಮಾರುಕಟ್ಟೆಯ ಹೊಸ ಮಾಲಿಗಿಂತ ಇದು 33 ಪರ್ಸೆಂಟ್ ಜಾಸ್ತಿ. ಕಣದ ಒಳಗೆ ಪೊಳ್ಳು ಜಾಗ ಹೆಚ್ಚಿದ್ದರಿಂದ ಲಿಥಿಯಂಗೆ ಓಡಾಡಲು ಸಲೀಸಾಗಿ, ಬಿರುಕು ಕಡಿಮೆಯಾಯಿತು ಅಂತ ಅವರು ವಿವರಿಸಿದ್ದಾರೆ. ಹಳೇ ಮಾಲಿನಿಂದ ಮಾಡಿದ್ದು ಹೊಸದಕ್ಕಿಂತ ಕಳಪೆ ಅನ್ನುವ ಮಾತು ಅಲ್ಲಿಗೆ ಸುಳ್ಳಾಯಿತು.

ಕಲಾಯಿ ದಾರಿ

ನಾನು ಚಿಕ್ಕವನಿದ್ದಾಗ ಬೀದಿಗೆ ಕಲಾಯಿಯವರು ಬರುತ್ತಿದ್ದರು. ಅಜ್ಜಿ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹೊರಗೆ ತಂದಿಡುತ್ತಿದ್ದರು. ನೆಲದಲ್ಲಿ ಗುಣಿ ತೋಡಿ, ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ ತವರ ಒರೆಸಿದರೆ ಒಳಗೆಲ್ಲ ಬೆಳ್ಳಿ ಥರ ಹೊಳೆಯುತ್ತಿತ್ತು. ಪಾತ್ರೆ ಅದೇ. ಹೋದ ಪದರವಷ್ಟೇ ವಾಪಸ್ ಬಂದದ್ದು. ಕಲಾಯಿ ಹೋಯಿತು ಅಂತ ಪಾತ್ರೆಯನ್ನೇ ಯಾರೂ ಕರಗಿಸಲಿಲ್ಲ, ಅಲ್ವಾ?

ಕ್ಯಾಥೋಡ್ ನೇರ ದುರಸ್ತಿಯೂ ಇದೇ. ರಚನೆ ಮುರಿಯುವುದಿಲ್ಲ, ಕಳೆದುಹೋದ ಲಿಥಿಯಂ ಮಾತ್ರ ತುಂಬುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದಲ್ಲಿ ಝೆಂಗ್ ಚೆನ್ ಅವರ ತಂಡ 2020ರಲ್ಲಿ ಎಲ್‌ಎಫ್‌ಪಿಗೆ ಒಂದು ವಿಧಾನ ತೋರಿಸಿತು. ಹಳೇ ಪುಡಿಯನ್ನು ಲಿಥಿಯಂ ಲವಣ ಮತ್ತು ಸಿಟ್ರಿಕ್ ಆಸಿಡ್ ಇರುವ ನೀರಿನಲ್ಲಿ ಸುಮಾರು 80 ಡಿಗ್ರಿ ಬಿಸಿಯಲ್ಲಿ ಕೆಲವು ಗಂಟೆ ಇಡುವುದು. ಆಮೇಲೆ ತೊಳೆದು, ಒಣಗಿಸಿ, ಗಾಳಿ ತಾಗದಂತೆ ಸ್ವಲ್ಪ ಹೊತ್ತು ಕಾಯಿಸುವುದು. ಸಿಟ್ರಿಕ್ ಆಸಿಡ್ ಅಂದರೆ ನಿಂಬೆಹಣ್ಣಿನಲ್ಲಿರುವ ಹುಳಿಯೇ. ಅದು ಕಬ್ಬಿಣವನ್ನು ಮೊದಲಿನ ಸ್ಥಿತಿಗೆ ತಂದು, ತಪ್ಪು ಜಾಗದಲ್ಲಿ ಕೂತದ್ದು ತನ್ನ ಜಾಗಕ್ಕೆ ಮರಳಲು ದಾರಿ ಮಾಡುತ್ತದೆ.

ಎಷ್ಟು ಲಿಥಿಯಂ ಬೇಕು? ಐದರಲ್ಲಿ ಒಂದು ಪಾಲು ಸಾಮರ್ಥ್ಯ ಕಳೆದುಕೊಂಡ ಹತ್ತು ಕಿಲೊ ಎಲ್‌ಎಫ್‌ಪಿ ಪುಡಿಗೆ ತುಂಬಬೇಕಾದ ಲಿಥಿಯಂ ಸುಮಾರು 90 ಗ್ರಾಂ. ಅಂಗಡಿಯಲ್ಲಿ ಸಿಗುವ ಲಿಥಿಯಂ ಹೈಡ್ರಾಕ್ಸೈಡ್ ಲೆಕ್ಕದಲ್ಲಿ ಅರ್ಧ ಕಿಲೊ ಚಿಲ್ಲರೆ. ದ್ರಾವಣದಲ್ಲಿ ಇದಕ್ಕಿಂತ ಜಾಸ್ತಿ ಇಡಬೇಕಾಗುತ್ತದೆ, ಆದರೆ ಉಳಿದದ್ದನ್ನು ಮತ್ತೆ ಬಳಸಬಹುದು. ಆಸಿಡ್ ದಾರಿಯಲ್ಲಿ ಇದೇ ಹತ್ತು ಕಿಲೊ ಪುಡಿ ಪೂರ್ತಿ ಒಡೆದು 440 ಗ್ರಾಂ ಲಿಥಿಯಂಗಾಗಿ ಅಷ್ಟೆಲ್ಲ ಕೆಲಸ ಮಾಡಬೇಕು. ಎಲ್‌ಎಫ್‌ಪಿಗೆ ನೇರ ದುರಸ್ತಿಯೇ ಸರಿ ಅಂತ ನಾನು ಹೇಳುವುದು ಇದಕ್ಕೇ. ಅದರ ಬೆಲೆ ಇರುವುದು ಲೋಹದಲ್ಲಿ ಅಲ್ಲ, ಆ ಜೋಡಣೆಯಲ್ಲಿ.

ಆದರೆ ಈ ದಾರಿ ಬೆರಕೆಯನ್ನು ಸಹಿಸುವುದಿಲ್ಲ. ಎಲ್‌ಎಫ್‌ಪಿ ಜೊತೆ ಹಿಡಿಯಷ್ಟು ಎನ್‌ಎಂಸಿ ಸೇರಿದರೆ ಕೆಟ್ಟಿತು. ತಾಮ್ರದ ಚೂರು ಉಳಿದರೆ ಮುಂದೆ ಸೆಲ್ ಒಳಗೆ ಶಾರ್ಟ್ ಆಗುವ ಅಪಾಯ. ಆದ್ದರಿಂದ ಪ್ಯಾಕನ್ನೇ ಯಂತ್ರಕ್ಕೆ ಹಾಕಿ ಪುಡಿ ಮಾಡಿದ ಮಾಲು ಇದಕ್ಕೆ ಒಗ್ಗುವುದು ಕಷ್ಟ. ಪದರ ಬಿಡಿಸಿ, ಅಲ್ಯೂಮಿನಿಯಂ ಹಾಳೆಯಿಂದ ಪುಡಿ ಎಬ್ಬಿಸಿದ್ದೇ ಬೇಕು.

ಮಹಡಿ ಕಟ್ಟುವ ದಾರಿ

ದುರಸ್ತಿ ಮಾಡಿದರೆ ಹಳೇ ಮಾಲೇ ವಾಪಸ್ ಬರುತ್ತದೆ. ಹತ್ತು ವರ್ಷದ ಹಿಂದಿನ ಸಮಪಾಲು ಎನ್‌ಎಂಸಿ, ಅಂದರೆ ಮೂರೂ ಲೋಹ ಒಂದೊಂದು ಪಾಲು ಇರುವ 111, ಈಗ ಯಾರಿಗೆ ಬೇಕು? ಸೆಲ್ ಮಾಡುವವರು ನಿಕೆಲ್ ಜಾಸ್ತಿ ಇರುವ 622, 811 ಕಡೆ ಹೋಗಿದ್ದಾರೆ. ಇಲ್ಲಿಗೆ ಬರುವುದೇ ಮೇಲ್ದರ್ಜೆಗೆ ಏರಿಸುವ ದಾರಿ. ಗೋಡೆ ಗಟ್ಟಿ ಇರುವ ಹಳೇ ಮನೆ ಮೇಲೆ ಮಹಡಿ ಕಟ್ಟಿದ ಹಾಗೆ. ಹಳೇ ಪುಡಿಗೆ ನಿಕೆಲ್ ಮತ್ತು ಲಿಥಿಯಂ ಸೇರಿಸಿ, ಹೆಚ್ಚಿನ ಉಷ್ಣದಲ್ಲಿ ಕಾಯಿಸಿ, ಹೊಸ ಪ್ರಮಾಣಕ್ಕೆ ತರುವುದು. ಗ್ರಾಂಗೆ ಸುಮಾರು 155 ಮಿಲಿಆಂಪ್-ಅವರ್ ಕೊಡುತ್ತಿದ್ದ ಜಾಗದಲ್ಲಿ 175ರ ಹತ್ತಿರ ಬರುತ್ತದೆ.

ಪ್ರಾಜೆಕ್ಟ್ ಮಾಡುವ ಮಕ್ಕಳು ಇಲ್ಲಿ ಗಮನ ಕೊಡಿ. ಹತ್ತು ಕಿಲೊ 111 ಪುಡಿಯನ್ನು 622 ಮಾಡಲು ಸುಮಾರು 4 ಕಿಲೊ ನಿಕೆಲ್ ಸೇರಿಸಬೇಕು. ಕೊನೆಗೆ ಹದಿನಾರು ಮುಕ್ಕಾಲು ಕಿಲೊ ಹೊಸ ಪುಡಿ ಸಿಗುತ್ತದೆ. ಹೊಸ ಕೋಬಾಲ್ಟ್ ಒಂದು ಗ್ರಾಂ ಕೂಡ ಬೇಡ. ಅದೇ ಒಂದೇ ನೆಗೆತಕ್ಕೆ 811 ಮಾಡುತ್ತೇನೆ ಅಂತ ಹೊರಟರೆ 14 ಕಿಲೊ ನಿಕೆಲ್ ಬೇಕು. ಸಿಗುವುದು 33 ಕಿಲೊಗೂ ಜಾಸ್ತಿ. ಅದರಲ್ಲಿ ಹಳೇ ಮಾಲು ಮೂರನೇ ಒಂದು ಪಾಲೂ ಇಲ್ಲ. ಮಹಡಿ ಕಟ್ಟಲು ಹೋಗಿ ಹೊಸ ಮನೆಯನ್ನೇ ಕಟ್ಟಿದಂತಾಯಿತು. 111 ಇದ್ದರೆ 622ಕ್ಕೆ ನಿಲ್ಲಿಸಿ. 811 ಬೇಕಾದರೆ 622ರ ಹಳೇ ಮಾಲು ಹುಡುಕಿ.

ಎಲ್‌ಸಿಒ ಇನ್ನೂ ಚೆನ್ನ. ಹಳೇ ಫೋನ್‌ಗಳಲ್ಲಿ 4.2 ವೋಲ್ಟ್‌ಗೆ ನಿಲ್ಲುತ್ತಿದ್ದ ಪುಡಿಗೆ ಲಿಥಿಯಂ ತುಂಬುವಾಗಲೇ ಮೆಗ್ನೀಷಿಯಂ, ಅಲ್ಯೂಮಿನಿಯಂ ಥರದ್ದನ್ನು ಚೂರೇ ಚೂರು ಸೇರಿಸಿದರೆ 4.5 ವೋಲ್ಟ್ ತನಕ ತಡೆಯುವ ಹಾಗೆ ಮಾಡಬಹುದು ಅಂತ ಹಲವು ಪ್ರಯೋಗಾಲಯಗಳು ತೋರಿಸಿವೆ. ಬಿರುಕು ಬಿಟ್ಟ ಎನ್‌ಎಂಸಿಯನ್ನು ಕರಗಿದ ಲಿಥಿಯಂ ಲವಣದಲ್ಲಿ ಕಾಯಿಸಿ, ಅನೇಕ ಸಣ್ಣ ಕಣಗಳ ಉಂಡೆ ಬದಲು ಒಂದೊಂದೂ ಇಡಿಯಾದ ಹರಳು ಆಗುವಂತೆ ಬೆಳೆಸುವ ಕೆಲಸವೂ ನಡೆದಿದೆ. ಇಡಿ ಹರಳಿನಲ್ಲಿ ಬಿರುಕು ಕಡಿಮೆ. ಎಲ್‌ಎಫ್‌ಪಿಗೂ ಮ್ಯಾಂಗನೀಸ್ ಮತ್ತು ಫಾಸ್ಫೇಟ್ ಸೇರಿಸಿ ವೋಲ್ಟೇಜ್ ಏರಿಸಬಹುದು. ಆದರೆ ಮೊದಲು ದುರಸ್ತಿಯನ್ನು ಸರಿಯಾಗಿ ಮಾಡಲು ಕಲಿತು ಆಮೇಲೆ ಅದಕ್ಕೆ ಕೈ ಹಾಕುವುದು ಒಳ್ಳೆಯದು.

ಇದೆಲ್ಲ ಇನ್ನೂ ಹೆಚ್ಚಾಗಿ ಲ್ಯಾಬ್ ಮತ್ತು ಸಣ್ಣ ಪ್ರಮಾಣದ ಪ್ರಯೋಗದ ಹಂತದಲ್ಲಿದೆ. ನಾಳೆಯೇ ಸಾಲ ಮಾಡಿ ಘಟಕ ಹಾಕುವ ಕೆಲಸವಲ್ಲ.

ಇನ್ನೂ ಜೀವ ಇದ್ದರೆ?

ಸಾಮರ್ಥ್ಯ 70-80 ಪರ್ಸೆಂಟ್ ಉಳಿದಿರುವ ಎಲ್‌ಎಫ್‌ಪಿ ಸೆಲ್ ಆಟೊಗೆ ಸಾಲದೇ ಹೋದರೂ ಅಂಗಡಿಯ ಯುಪಿಎಸ್‌ಗೆ, ತೋಟದ ಮನೆಯ ಸೋಲಾರ್ ದೀಪಕ್ಕೆ ಸಾಕು. ಅಳತೆ ಮಾಡಿ, ಸಮ ಇರುವುದನ್ನು ಜೋಡಿಸಿ, ಬಿಎಂಎಸ್ ಹಾಕಿ ಕೊಡಬಹುದು. ಊದಿಕೊಂಡದ್ದು, ಸೋರಿದ್ದು, ನೀರು ಹೊಕ್ಕಿದ್ದು ಬೇಡ. ಅಂಥದ್ದರಲ್ಲಿ ಉಳಿತಾಯ ನೋಡಬೇಡಿ.

ಹಾಗಾದರೆ ಯಾರು ಯಾವುದನ್ನು ಆರಿಸಬೇಕು?

ರಿಪೇರಿ ಶೆಡ್‌ನವರು ಪುಡಿಯ ಈ ನಾಲ್ಕು ದಾರಿಗಳಲ್ಲಿ ಯಾವುದನ್ನೂ ಸ್ವತಃ ಮಾಡಬಾರದು. ಸೆಲ್ ಒಡೆಯುವುದು, ಸುಡುವುದು, ಆಸಿಡ್ ಹಾಕುವುದು ನಮ್ಮ ಕೆಲಸ ಅಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಮರುಬಳಕೆ ಮಾಡುವವರೂ ಹಳೇ ಬ್ಯಾಟರಿ ಸರಿಮಾಡಿ ಮಾರುವವರೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಮಾಲು ಕೊಡುವ ಮೊದಲು ಆ ನೋಂದಣಿ ಪತ್ರ ಕೇಳಿ ನೋಡಿ. ಅದೇ ನಿಯಮ ಎಲೆಕ್ಟ್ರಿಕ್ ವಾಹನಗಳ ಹೊಸ ಬ್ಯಾಟರಿಯಲ್ಲಿ ಮರುಬಳಕೆಯ ವಸ್ತು 2027-28ಕ್ಕೆ ಕನಿಷ್ಠ 5 ಪರ್ಸೆಂಟ್, 2030-31ಕ್ಕೆ 20 ಪರ್ಸೆಂಟ್ ಇರಬೇಕು ಅನ್ನುತ್ತದೆ. ಅಂದರೆ ವಿಂಗಡಿಸಿದ ಒಳ್ಳೆ ಮಾಲು ಕೇಳಿಕೊಂಡು ಬರುವವರು ಇನ್ನು ಜಾಸ್ತಿಯಾಗುತ್ತಾರೆ.

ಘಟಕ ಹಾಕುವವರಿಗೆ ನನ್ನ ಮಾತು ಇಷ್ಟು. ನಿಮಗೆ ಬರುವ ಮಾಲು ಬೆರಕೆ ಎನ್‌ಎಂಸಿ, ಎಲ್‌ಸಿಒ ಆದರೆ ಆಸಿಡ್‌ನ ಒಳದಾರಿ ನೋಡಿ, ನೀರಿನ ವ್ಯವಸ್ಥೆಗೆ ಮೊದಲು ದುಡ್ಡು ಎತ್ತಿಡಿ. ಇ-ಆಟೊಗಳ ಎಲ್‌ಎಫ್‌ಪಿ ಒಂದೇ ಕಂಪನಿಯ ಸೆಲ್ ಆಗಿ ಸಾಲಾಗಿ ಬರುವಂತಿದ್ದರೆ ನೇರ ದುರಸ್ತಿಯನ್ನು ಯಾವುದಾದರೂ ಪ್ರಯೋಗಾಲಯದ ಜೊತೆ ಸೇರಿ ಸಣ್ಣದಾಗಿ ಶುರು ಮಾಡಿ. ಒಂದೇ ಜಾತಿಯ ಎನ್‌ಎಂಸಿ, ಇತಿಹಾಸ ಗೊತ್ತಿರುವಂಥದ್ದು, ಸಿಕ್ಕಿದರೆ ಮಾತ್ರ ಮಹಡಿ ಕಟ್ಟುವ ಯೋಚನೆ.

ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಒಂದು ಚೀಲದಲ್ಲಿ ನಾಲ್ಕು ಕೌಟು ಉಂಡೆ ಸಿಕ್ಕರೆ ಇಡೀ ಚೀಲದ ದರ ಇಳಿಯುತ್ತದೆ. ಸೆಲ್‌ಗೂ ಅದೇ ಆಗುತ್ತದೆ. ಕಲಾಯಿ ದಾರಿ, ಮಹಡಿ ದಾರಿ ಎರಡೂ ತೆರೆಯುವುದು ಅಥವಾ ಮುಚ್ಚುವುದು ದೊಡ್ಡ ಲ್ಯಾಬ್‌ನಲ್ಲಿ ಅಲ್ಲ, ನಮ್ಮಂಥವರ ಶೆಡ್ಡಿನ ಮೂಲೆಯಲ್ಲಿ.

ಈಗ ನಮ್ಮಲ್ಲಿ ಒಂದು ಡ್ರಮ್ ಬದಲು ನಾಲ್ಕು ಡಬ್ಬಿ ಇವೆ. ಎಲ್‌ಎಫ್‌ಪಿಗೆ ಒಂದು, ಎನ್‌ಎಂಸಿಗೆ ಒಂದು, ಫೋನ್ ಮತ್ತು ಲ್ಯಾಪ್‌ಟಾಪ್ ಸೆಲ್‌ಗೆ ಒಂದು. ನಾಲ್ಕನೆಯದು ಊದಿದ್ದು, ಸೋರಿದ್ದಕ್ಕೆ. ಅದು ಒಣ ಮರಳು ತುಂಬಿದ ಕಬ್ಬಿಣದ ಡಬ್ಬಿ, ಶೆಡ್ಡಿನ ಹೊರಗೆ, ಮಳೆ ಬೀಳದ ಜಾಗದಲ್ಲಿ ಇರುತ್ತದೆ. ಪ್ರತಿ ಸೆಲ್‌ನ ಎರಡೂ ತುದಿಗೆ ಟೇಪ್ ಸುತ್ತುತ್ತೇವೆ. ಮೈ ಮೇಲೆ ಜಾತಿ, ತೆಗೆದ ತಾರೀಖು, ಆಗಿನ ವೋಲ್ಟೇಜ್, ಯಾಕೆ ತೆಗೆದದ್ದು, ಈ ನಾಲ್ಕನ್ನೂ ಬರೆಯುತ್ತೇವೆ. ಬರೆಯುವುದು ಅಳಿಸದ ಮಾರ್ಕರ್‌ನಲ್ಲೇ. ಮೊದಲು ಕಾಗದದ ಚೀಟಿ ಅಂಟಿಸುತ್ತಿದ್ದೆವು, ಒಂದು ಮಳೆಗಾಲಕ್ಕೆ ಎಲ್ಲ ಉದುರಿ ಹೋಗಿ ಮತ್ತೆ ಮಲ್ಟಿಮೀಟರ್ ಹಿಡಿದು ಮೊದಲಿನಿಂದ ವಿಂಗಡಿಸಬೇಕಾಯಿತು.